ಜೇಬಿನೊಳಗಿನ ಕಂಪ್ಯೂಟರು, ಕಾಣೆಯಾದ ಸೋದರಮಾವ

ತೊಂಬತ್ತೆಂಟರಲ್ಲಿ ಕೆ.ಆರ್. ಪೇಟೆಯಲ್ಲಿ ಸ್ವಂತ ಕಂಪ್ಯೂಟರ್ ಇದ್ದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿಬಿಡಬಹುದಿತ್ತು. ನನ್ನನ್ನು ಕೇಳಿದ್ದರೆ ಅದರಲ್ಲಿ ಒಂದು ಬೆರಳು ನನ್ನದೇ ಎನ್ನುತ್ತಿದ್ದೆ. ನನ್ನ ಕಂಪ್ಯೂಟರ್ ಅಂಗಿ ಜೇಬಿನಲ್ಲಿತ್ತು. ಒಂದು ಕಪ್ಪು ಫ್ಲಾಪಿ, ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ನಾಗಾರ್ಜುನ ಸಿಸ್ಟಮ್’ ಎಂದು ನನ್ನ ಹೆಸರನ್ನು ನಾನೇ ಬರೆದುಕೊಂಡಿದ್ದೆ. ಮಾನಿಟರು, ಕೀಬೋರ್ಡು, ಕರೆಂಟು ಬೇರೆಯವರದು. ಮಿಕ್ಕಿದ್ದೆಲ್ಲ ನನ್ನದು.

ಅದನ್ನು ಕೊಟ್ಟವನು ನನ್ನ ಚಿಕ್ಕಪ್ಪನ ಮಗ ಸಂತೋಷ್, ಮೈಸೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದ. ಸಂಗತಿ ಸರಳ. ಫ್ಲಾಪಿ ಒಳಗಿಟ್ಟು ಕಂಪ್ಯೂಟರ್ ಆನ್ ಮಾಡಿದರೆ, ಅದು ತನ್ನ ಹೊಟ್ಟೆಯಲ್ಲಿರುವ ವಿಂಡೋಸ್ ಕಡೆ ತಿರುಗಿಯೂ ನೋಡದೆ ಫ್ಲಾಪಿಯಲ್ಲಿರುವ ಡಾಸ್ ಎಂಬ ಹಳೆಯ ಸಿಸ್ಟಮ್ ಹಿಡಿದು ಎದ್ದು ನಿಲ್ಲುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಯಜಮಾನರು ಯಾರು ಎಂದೂ ಕೇಳುವುದಿಲ್ಲ. ಫ್ಲಾಪಿ ತೆಗೆದು ಇನ್ನೊಮ್ಮೆ ಆನ್ ಮಾಡಿದರೆ ಹಳೆಯ ವಿಂಡೋಸ್ ಏನೂ ನಡೆದೇ ಇಲ್ಲವೆಂಬಂತೆ ಬಂದು ಕೂರುತ್ತದೆ.

ಇಷ್ಟು ಸಿಕ್ಕಿದ್ದೇ ನನಗೆ ತಲೆ ನಿಲ್ಲಲಿಲ್ಲ. ಭಾನುವಾರ ಬಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಹತ್ತುತ್ತಿದ್ದೆ. ಪಾಂಡವಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ, ಶ್ರೀರಂಗಪಟ್ಟಣದಲ್ಲಿ ಒಂದು ಫೋಟೋ ಸ್ಟುಡಿಯೋ. ಅವರ ಕಂಪ್ಯೂಟರನ್ನು ಸ್ವಲ್ಪ ನೋಡಬಹುದೇ ಎಂದು ವಿನಯವಾಗಿ ಕೇಳಿ ಒಳಗೆ ಹೋಗಿ, ಫ್ಲಾಪಿ ತೂರಿಸಿ, ಕಪ್ಪು ಪರದೆಯ ಮೇಲೆ ನನ್ನ ಹೆಸರು ಬರಿಸುತ್ತಿದ್ದೆ. ಸ್ಟುಡಿಯೋದವರು ತಮ್ಮ ಕಂಪ್ಯೂಟರ್ ಸತ್ತೇಹೋಯಿತು ಎಂದು ಗಾಬರಿ ಬಿದ್ದಾಗ ಫ್ಲಾಪಿ ತೆಗೆದು, ಅದನ್ನು ಮತ್ತೆ ಬದುಕಿಸಿ, ಅವರ ಕೈಯಲ್ಲೇ ಟೀ ತರಿಸಿಕೊಂಡು ಕುಡಿದಿದ್ದೆ. ಕೊಂದವನೂ ನಾನೇ ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ನನ್ನ ಬಸ್ಸು ಹೊರಟಿರುತ್ತಿತ್ತು.

ವಾರದ ಮಿಕ್ಕ ದಿನಗಳಲ್ಲಿ ನಾನು ಪುಟ್ಟಸ್ವಾಮಿಯವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ರಿಬ್ಬನ್ ಬದಲಾಯಿಸುವವನು. ಎಂಟು ಟೈಪ್‌ರೈಟರುಗಳು, ಅವುಗಳ ಹಿಂದೆ ಒಂದು ಹೂವಿನ ಪರದೆ, ಪರದೆಯ ಹಿಂದೆ ಒಂದೇ ಒಂದು ಕಂಪ್ಯೂಟರ್. ಅದರ ಹತ್ತಿರ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಪಾಸ್‌ವರ್ಡ್ ಗೊತ್ತಿದ್ದದ್ದು ಪುಟ್ಟಸ್ವಾಮಿಯವರಿಗೆ ಮಾತ್ರ. ಅದನ್ನು ಒತ್ತುವಾಗ ಅವರು ಎಡಗೈಯನ್ನು ಕೀಬೋರ್ಡಿಗೆ ಕೊಡೆಯಂತೆ ಹಿಡಿಯುತ್ತಿದ್ದರು. ನಾನು ಅದನ್ನು ಮುಟ್ಟಬಹುದಾಗಿದ್ದ ಒಂದೇ ಒಂದು ಸಂದರ್ಭವೆಂದರೆ ಧೂಳು ಒರೆಸುವುದು.

ಒಂದು ಮಂಗಳವಾರ ಪುಟ್ಟಸ್ವಾಮಿಯವರು ಹೆಂಡತಿಯ ಕಡೆಯ ನಾಮಕರಣಕ್ಕೆಂದು ನಾಗಮಂಗಲಕ್ಕೆ ಹೋದರು. ಅದೇ ದಿನ ಬೆಳಿಗ್ಗೆ ಸಿಂಧಘಟ್ಟದ ಸೋಮಯ್ಯ ಬಂದರು. ಅವರ ಮಗಳು ಹೇಮಶ್ರೀಗೆ ಮದುವೆ ಗೊತ್ತಾಗಿತ್ತು, ಲಗ್ನಪತ್ರಿಕೆ ಬೇಕಿತ್ತು. ಪಕ್ಕದ ಬೀದಿಯ ಪ್ರೆಸ್ಸಿನವರು ‘ಕರೆಯುವವರ’ ಹೆಸರುಗಳನ್ನು ಯಾರಿಂದಾದರೂ ನೀಟಾಗಿ ಟೈಪ್ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದ್ದರು.

ನಮ್ಮ ಕಡೆಯ ಲಗ್ನಪತ್ರಿಕೆ ಗೊತ್ತಿಲ್ಲದವರಿಗೆ ಒಂದು ಮಾತು. ಮದುವೆ ಯಾರದು, ಯಾವತ್ತು, ಎಲ್ಲಿ ಎನ್ನುವುದನ್ನು ಯಾರೂ ಓದುವುದಿಲ್ಲ, ಅದು ಹೇಗೂ ಗೊತ್ತಿರುತ್ತದೆ. ಓದುವುದು ಹೆಸರುಗಳನ್ನು. ತನ್ನ ಹೆಸರು ಇದೆಯೇ, ಇದ್ದರೆ ಯಾರ ಮೇಲಿದೆ, ಯಾರ ಕೆಳಗಿದೆ. ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ಮದುವೆಗೆ ಬರುವುದಿಲ್ಲ. ಬಂದರೂ ಊಟ ಮಾಡದೆ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು.

ಸೋಮಯ್ಯ ಎಲ್ಲವನ್ನೂ ತಲೆಯಲ್ಲೇ ತಂದಿದ್ದರು. ಒಂದು ಹಾಳೆಯ ಮೇಲೆ ಬರೆದುಕೊಂಡು ಆಮೇಲೆ ಟೈಪ್ ಮಾಡು ಎಂದು ಅವರಾಗಿಯೇ ಹೇಳಿದರು. ನಾನು ನಕ್ಕೆ. ಪೇಪರಿನ ಕಾಲ ಮುಗಿಯಿತು ಎಂದೆ. ಪರದೆ ಸರಿಸಿ, ಚಪ್ಪಲಿ ಬಿಡಿಸಿ ಅವರನ್ನು ಒಳಗೆ ಕೂರಿಸಿ, ಜೇಬಿನಿಂದ ಫ್ಲಾಪಿ ತೆಗೆದೆ.

ಅದರಲ್ಲಿ ಕನ್ನಡ ಟೈಪ್ ಮಾಡುವ ಒಂದು ಸಣ್ಣ ಪ್ರೋಗ್ರಾಮಿತ್ತು. ಒಂದು ಕಾರ್ ರೇಸ್ ಆಟವೂ ಇತ್ತು. ಎರಡೂ ಸೇರಿ ಫ್ಲಾಪಿ ಭರ್ತಿ, ಇನ್ನೊಂದು ಸಾಲು ಬರೆದಿಡಲೂ ಜಾಗವಿರಲಿಲ್ಲ. ಹಾಗಾಗಿ ನನ್ನ ಸಿಸ್ಟಮ್ಮು ಟೈಪ್ ಮಾಡಿದ್ದನ್ನೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತಿತ್ತು. ಕರೆಂಟಿರುವವರೆಗೆ ಇರುತ್ತದೆ, ಹೋದರೆ ಹೋಯಿತು. ಕೆಲಸ ಮುಗಿದ ಕೂಡಲೇ ಇನ್ನೊಂದು ಫ್ಲಾಪಿಗೆ ಕಾಪಿ ಮಾಡಿಕೋ ಎಂದು ಸಂತೋಷ್ ಹತ್ತು ಸಲ ಹೇಳಿದ್ದ. ಹತ್ತು ಸಲವೂ ನಾನು ಗೊತ್ತು ಎಂದಿದ್ದೆ.

ಸೋಮಯ್ಯ ಕಣ್ಣು ಮುಚ್ಚಿಕೊಂಡು ಊರೂರು ಸುತ್ತಿದರು. ಮೊದಲು ಸಿಂಧಘಟ್ಟದ ಅಣ್ಣತಮ್ಮಂದಿರು, ಆಮೇಲೆ ಪಾಂಡವಪುರದ ಕಡೆಯ ಬೀಗರು, ಕೊನೆಗೆ ನಾಗಮಂಗಲದವರು. ಎರಡು ಗಂಟೆ ಹಿಡಿಯಿತು. ಎಲ್ಲ ಮುಗಿಯಿತು ಅಂದುಕೊಂಡಾಗ ಅವರು ಎದ್ದು ಹೋಗಿ ಹೂಜಿಯಿಂದ ನೀರು ಕುಡಿದು ಬಂದು ಮತ್ತೆ ಕೂತರು. ಆಮೇಲೆ ಇನ್ನೊಂದು ಹೆಸರು ಹೇಳಿ, ಅದನ್ನು ಎಲ್ಲರಿಗಿಂತ ಮೇಲೆ ಹಾಕು ಎಂದರು. ನಾನು ನಾಲ್ಕು ಕೀ ಒತ್ತಿ ಕೊನೆಯ ಸಾಲನ್ನು ಎತ್ತಿಕೊಂಡು ಹೋಗಿ ಮೊದಲ ಸಾಲಾಗಿ ಇಟ್ಟೆ. ಸೋಮಯ್ಯ ಬೆರಗಾದರು. ಪೇಪರಿನಲ್ಲಿ ಇದು ಆಗುತ್ತಿತ್ತೇ ಎಂದು ಕೇಳಿದೆ. ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಪ್ರೂಫ್ ನೋಡಲು ಮತ್ತೆ ಬರಬೇಕೇ ಎಂದಾಗ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ನೇರವಾಗಿ ಕಾರ್ಡೇ ತಗೊಂಡು ಹೋಗಿ ಎಂದೆ. ಅವರು ಸಿಂಧಘಟ್ಟದ ಬಸ್ಸಿಗೆ ಹೋದರು.

ಈಗ ಕಾಪಿ ಮಾಡಿಕೊಳ್ಳಬೇಕಿತ್ತು. ಆದರೆ ಎರಡು ಗಂಟೆ ದುಡಿದ ಮನುಷ್ಯನಿಗೆ ಒಂದು ಆಟ ಆಡುವ ಹಕ್ಕಿಲ್ಲವೇ? ಮೂರನೇ ಸುತ್ತಿನಲ್ಲಿ ನನ್ನ ಕಾರು ಎಲ್ಲರಿಗಿಂತ ಮುಂದಿತ್ತು. ಆಗ ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲವೇ ಎಂದರೆ, ಇತ್ತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಪುಟ್ಟಸ್ವಾಮಿಯವರು ಅದರ ಮೇಲೆ ಹೂಕುಂಡ ಇಟ್ಟಿದ್ದರು.

ಕತ್ತಲಾದ ಮಾನಿಟರಿನಲ್ಲಿ ನನ್ನ ಮುಖ ಕಾಣಿಸುತ್ತಿತ್ತು. ಅಷ್ಟು ಪೆದ್ದು ಮುಖವನ್ನು ನಾನು ಅದಕ್ಕೆ ಮೊದಲು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ನ್ಯಾಯವಾಗಿ ನೋಡಿದರೆ ಮುಂದಿನ ಬಸ್ಸು ಹತ್ತಿ ಸಿಂಧಘಟ್ಟಕ್ಕೆ ಹೋಗಿ, ಸೋಮಯ್ಯನವರೇ, ಇನ್ನೊಮ್ಮೆ ಹೇಳಿ ಎನ್ನಬೇಕಿತ್ತು. ಪೇಪರಿನ ಕಾಲ ಮುಗಿಯಿತು ಎಂದ ಬಾಯಿಗೆ ಅದು ಬರಲಿಲ್ಲ. ಎರಡು ಗಂಟೆ ನನ್ನ ಬೆರಳಿನ ಮೂಲಕ ಹಾದುಹೋದ ಹೆಸರುಗಳು, ಎಲ್ಲಿಗೆ ಹೋಗುತ್ತವೆ ಅಂದುಕೊಂಡೆ. ಕರೆಂಟು ಬಂದ ಮೇಲೆ ಜ್ಞಾಪಕದಿಂದಲೇ ಮತ್ತೆ ಟೈಪ್ ಮಾಡಿದೆ. ಸಿಂಧಘಟ್ಟದವರು ಬಂದರು, ಪಾಂಡವಪುರದವರು ಬಂದರು, ನಾಗಮಂಗಲದವರು ಸಾಲಾಗಿ ಬಂದರು. ಅರವತ್ತಮೂರು ಹೆಸರು. ನನ್ನ ಬುದ್ಧಿಗೆ ನಾನೇ ಮಾರುಹೋದೆ. ಪ್ರಿಂಟ್ ತೆಗೆದು ಪ್ರೆಸ್ಸಿಗೆ ಕೊಟ್ಟು, ಪ್ರೂಫ್ ಆಗಿದೆ ಎಂದೂ ಹೇಳಿದೆ. ಪುಟ್ಟಸ್ವಾಮಿಯವರು ವಾಪಸು ಬರುವ ಹೊತ್ತಿಗೆ ಕಂಪ್ಯೂಟರಿನ ಮೇಲೆ ಮುಸುಕು, ಜೇಬಿನಲ್ಲಿ ಫ್ಲಾಪಿ, ಬಾಯಲ್ಲಿ ಶಿಳ್ಳೆ.

ಮುಂದಿನ ಸೋಮವಾರ ಒಬ್ಬ ಹೆಂಗಸು ಒಂದು ಲಗ್ನಪತ್ರಿಕೆ ಹಿಡಿದು ಒಳಗೆ ಬಂದರು. ಸೋಮಯ್ಯನವರ ಹೆಂಡತಿ ಮಂಗಳಮ್ಮ. ಪುಟ್ಟಸ್ವಾಮಿಯವರು ಬಾಗಿಲ ಹತ್ತಿರದ ಮೇಜಿನಲ್ಲಿ ಏನೋ ಟೈಪ್ ಮಾಡುತ್ತಿದ್ದರು. ಆಕೆ ನೇರ ನನ್ನ ಹತ್ತಿರ ಬಂದು ಕಾರ್ಡನ್ನು ಬೆಂಚಿನ ಮೇಲೆ ಬಿಡಿಸಿಟ್ಟರು.

“ಇದ್ರಾಗೆ ನನ್ ತಮ್ಮನ್ ಎಸ್ರು ಎಲ್ಲೈತೆ, ತೋರ್ಸಪ್ಪ. ಹೊನ್ನಪ್ಪ, ಪಾಲಹಳ್ಳಿ.”

ಆ ಹೆಸರು ಕೇಳಿದ ಕೂಡಲೇ ನನಗೆ ನೆನಪಾಯಿತು. ಕೊನೆಯಲ್ಲಿ ಹೇಳಿದ್ದು, ನಾನು ಎತ್ತಿಕೊಂಡು ಹೋಗಿ ಮೇಲಿಟ್ಟಿದ್ದು. ಜ್ಞಾಪಕದಲ್ಲಿ ಹುಡುಕುವಾಗ ಅದು ಮೊದಲಲ್ಲೂ ಇರಲಿಲ್ಲ, ಕೊನೆಯಲ್ಲೂ ಇರಲಿಲ್ಲ. ಎಲ್ಲರ ಮೇಲೆ ಕೂರಿಸಿದ ಹೆಸರನ್ನೇ ನಾನು ದಾರಿಯಲ್ಲಿ ಬೀಳಿಸಿಕೊಂಡಿದ್ದೆ.

ಬೆಂಚಿನ ಮೇಲೆ ಕೂತು ಮಂಗಳಮ್ಮ ಕತೆ ಹೇಳಿದರು. ಏಳು ವರ್ಷದ ಹಿಂದೆ ಹೇಮಶ್ರೀ ದೊಡ್ಡವಳಾದಾಗ, ಅವಳನ್ನು ಕೂರಿಸಲು ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಬೇಕಾದವನು ಸೋದರಮಾವ ಹೊನ್ನಪ್ಪ. ಪಾಲಹಳ್ಳಿಯಿಂದ ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಸೋಮಯ್ಯನಿಗೆ ತಡೆಯಲಾಗಲಿಲ್ಲ, ಬೇರೆ ಯಾರ ಕೈಯಲ್ಲೋ ಗುಡ್ಲು ಹಾಕಿಸಿಬಿಟ್ಟರು. ಹೊನ್ನಪ್ಪ ಹಸಿ ಸೊಪ್ಪಿನ ಹೊರೆ ಹೊತ್ತುಕೊಂಡು ಅಂಗಳಕ್ಕೆ ಬಂದು, ಎದ್ದು ನಿಂತಿದ್ದ ಗುಡ್ಲನ್ನು ನೋಡಿ, ಹೊರೆಯನ್ನು ಅಲ್ಲೇ ಹಾಕಿ, ಕಾಲು ಸಹ ತೊಳೆಯದೆ ಹೋದರು. ಆವತ್ತಿನಿಂದ ಅಕ್ಕನ ಮನೆ ಹೊಸ್ತಿಲು ತುಳಿದಿಲ್ಲ. ಈ ಮದುವೆಗೆ ಹೇಗಾದರೂ ಬರಲಿ, ಹುಡುಗಿಯನ್ನು ಧಾರೆಗೆ ಕರೆತರುವವನು ಅವನೇ ಆಗಲಿ ಎಂದು ಮಂಗಳಮ್ಮ ಆರು ತಿಂಗಳು ಗಂಡನ ಕಿವಿ ಕೊರೆದಿದ್ದರು. ಹೆಸರು ಹಾಕಿಸುತ್ತೇನೆ ಎಂದು ಸೋಮಯ್ಯ ಮಾತು ಕೊಟ್ಟಿದ್ದರು. ಕಾರ್ಡು ಮನೆಗೆ ಬಂತು. ಓದಲು ಅಷ್ಟಿಷ್ಟು ಬರುತ್ತಿದ್ದ ಮಂಗಳಮ್ಮ ಬೆರಳಿಟ್ಟು ಮೊದಲು ಹುಡುಕಿದ್ದು ತಮ್ಮನ ಹೆಸರನ್ನು. ಮೂರು ದಿನದಿಂದ ಗಂಡನಿಗೆ ಮುದ್ದೆ ಇಡುತ್ತಿದ್ದಾರೆ, ಮಾತು ಇಡುತ್ತಿಲ್ಲ. ಆ ಮನುಷ್ಯ ಕಾರ್ಡು ಬಿಚ್ಚಿಯೂ ನೋಡಿಲ್ಲ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ನಂಬಿ ಕೂತಿದ್ದಾರೆ.

“ನಮ್ಮೆಜಮಾನ್ರು ಬ್ಯಾಡ ಅಂದ್ರಾ? ಇದ್ದಿದ್ದ್ ಇದ್ದಂಗೆ ಏಳ್ಬುಡು ಮಗ. ಅವ್ರೇ ತೆಗ್ಸಿದ್ರೆ ನಂಗೊತ್ತಾಗ್ಬೇಕು.”

ನಾನು ತಲೆ ಅರ್ಧ ಆಡಿಸಿದ್ದರೆ ಸಾಕಿತ್ತು. ತಪ್ಪೆಲ್ಲ ಸೋಮಯ್ಯನ ತಲೆಗೆ, ನನ್ನ ಫ್ಲಾಪಿ ಜೇಬಲ್ಲೇ ಭದ್ರ, ನನ್ನ ಕೆಲಸವೂ ಭದ್ರ. ಆ ಯೋಚನೆ ನನಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳು. ಬಂತು, ಚೆನ್ನಾಗಿಯೇ ಬಂತು. ಆದರೆ ಆಕೆಯ ಬೆರಳು ಇನ್ನೂ ಕಾರ್ಡಿನ ಮೇಲೆಯೇ ಇತ್ತು, ಹೆಸರು ಈಗಲಾದರೂ ಸಿಗಬಹುದು ಎಂಬಂತೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

ಹೇಳಿಬಿಟ್ಟೆ. ಫ್ಲಾಪಿ ತೆಗೆದು ತೋರಿಸಿದೆ. ಇದು ಒಳಗಿದ್ದಾಗ ಕಂಪ್ಯೂಟರು ತನ್ನನ್ನು ತಾನೇ ಮರೆತು ಇದು ಹೇಳಿದಂತೆ ಕೇಳುತ್ತದೆ, ಕರೆಂಟು ಹೋದರೆ ಆಗ ನಡೆದದ್ದು ಅದಕ್ಕೆ ಒಂದೂ ನೆನಪಿರುವುದಿಲ್ಲ ಎಂದೆ. ಪುಟ್ಟಸ್ವಾಮಿಯವರ ಟೈಪ್‌ರೈಟರ್ ನಿಂತಿತು. ಇದೆಲ್ಲ ಮಂಗಳಮ್ಮನಿಗೆ ಅರ್ಥವಾಗದೆ ಇನ್ನೂ ಒಂದಿಷ್ಟು ಇಂಗ್ಲಿಷ್ ಪದ ಉದುರಿಸಬೇಕಾದೀತು ಅಂದುಕೊಂಡಿದ್ದೆ. ಆಕೆಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

“ನಮ್ಮೂರಲ್ಲಿ ಮಂಚಯ್ಯನ್ ಮೈಮ್ಯಾಲೆ ಮಾರಮ್ಮ ಬತ್ತಾಳೆ. ಇಳುದ್ ಮ್ಯಾಲೆ ಅವುನ್ಗೆ ಒಂದೂ ಗ್ಯಾಪ್ನ ಇರಕಿಲ್ಲ. ಅದ್ಕೇಯ ಪಕ್ದಲ್ಲಿ ಒಬ್ಬ ನಿಂತ್ಕಂಡು ಅವ್ಳಾಡಿದ್ ಮಾತ್ನೆಲ್ಲಾ ಕೇಳುಸ್ಕತಾನೆ. ಇಲ್ಲಿ ಪಕ್ದಲ್ ನಿಂತಿದ್ದೋನು ನೀನಲ್ವಾ? ನೀನೇನ್ ಮಾಡ್ತಿದ್ದೆ?”

“ಆಟ ಆಡ್ತಿದ್ದೆ ಕಣವ್ವ.”

“ಯಾವ್ ಆಟ?” ಅದು ಪುಟ್ಟಸ್ವಾಮಿಯವರ ದನಿ.

“ಕಾರಿಂದು ಸಾರ್.”

ಅವರು ಎದ್ದು ಬಂದು ಕೈ ಚಾಚಿದರು. ‘ನಾಗಾರ್ಜುನ ಸಿಸ್ಟಮ್’ ಅವರ ಮೇಜಿನ ಡ್ರಾಯರಿಗೆ ಹೋಯಿತು, ಬೀಗವೂ ಬಿತ್ತು. ಬಯ್ಯಲಿಲ್ಲ. ನಾಳೆ ಕೆಲಸಕ್ಕೆ ಬರುವುದು ಬೇಡ, ಮೊದಲು ಈ ತಾಯಿಯ ಜೊತೆ ಪಾಲಹಳ್ಳಿಗೆ ಹೋಗಿ ಬಾ ಎಂದರು. ಬಂದ ಮೇಲಾದರೂ ಕೆಲಸ ಇದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಆಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪಾಂಡವಪುರದಲ್ಲೊಂದು ಬಸ್ಸು, ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಬಸ್ಸು. ಮಂಗಳಮ್ಮ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಐನೂರು ಕಾರ್ಡುಗಳ ಕಟ್ಟು ನನ್ನ ತೊಡೆಯ ಮೇಲಿತ್ತು. ಎಲ್ಲವನ್ನೂ ಯಾಕೆ ಹೊತ್ತು ತಂದಿದ್ದೇವೆ ಎಂದು ಕೇಳಿದ್ದಕ್ಕೆ, ಒಂದೂ ಹೊರಗೆ ಹೋಗಿಲ್ಲ ಎಂಬುದನ್ನು ತಮ್ಮನೇ ಕಣ್ಣಾರೆ ನೋಡಬೇಕು ಎಂದರು. ಗಂಡನಿಗೆ ಹಿಂದಿನ ರಾತ್ರಿಯೇ ವಿಷಯ ಹೇಳಿದ್ದರಂತೆ. ಸೋಮಯ್ಯ ನನ್ನ ಬಗ್ಗೆ ಏನೆಂದರು ಎಂದು ಕೇಳಿದೆ. ಅದು ಬಸ್ಸಿನಲ್ಲಿ ಹೇಳುವ ಮಾತಲ್ಲ ಎಂದರು.

ಹೊನ್ನಪ್ಪ ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಅಕ್ಕನನ್ನು ನೋಡಿ ಒಳಗೆ ಬಾ ಎಂದರು, ನೀರು ಕೊಡಿಸಿದರು. ನಾನು ಜಗಲಿಯ ತುದಿಯಲ್ಲಿ ಕೂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಪ್ಪಿಸಿದೆ. ಆಟದ ವಿಷಯವನ್ನೂ ಬಿಡಲಿಲ್ಲ, ಬಿಟ್ಟರೆ ಮಂಗಳಮ್ಮ ಸೇರಿಸುತ್ತಿದ್ದರು. ಹೊನ್ನಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಅಕ್ಕನ ಮಡಿಲಿಗೆ ಹಾಕಿದರು.

“ಚೆನ್ನಾಗ್ ಕಲ್ಸಿ ಕಳ್ಸವ್ರೆ ಭಾವ. ತಪ್ಪ್ನೆಲ್ಲಾ ಮಿಸಿನ್ ಮ್ಯಾಲಾಕ್ಬುಟ್ರೆ ಮನ್ಸುರ್ ಯಾರೂ ಕೆಟ್ಟೋರಾಗಕಿಲ್ಲ ನೋಡು.”

ಮಂಗಳಮ್ಮ ಏನೋ ಹೇಳಲು ಹೋದರು. ಹೊನ್ನಪ್ಪ ಕೈ ಅಡ್ಡ ಮಾಡಿದರು. ನನ್ನ ಹತ್ತಿರ ಸಾಕ್ಷಿ ಏನಿದೆ ಎಂದು ಕೇಳಿದರು. ಏನಿದೆ? ಬರೆದ ಹಾಳೆ ಇಲ್ಲ, ಹಾಳೆ ಬೇಡ ಎಂದವನೇ ನಾನು. ಕಂಪ್ಯೂಟರಿಗೆ ನೆನಪಿಲ್ಲ. ಆ ಎರಡು ಗಂಟೆ ನಡೆದಿತ್ತು ಎನ್ನುವುದಕ್ಕೆ ಜಗತ್ತಿನಲ್ಲಿ ಉಳಿದಿದ್ದ ಒಂದೇ ಜಾಗ ನನ್ನ ತಲೆ. ಅದು ಎಂಥ ಜಾಗ ಎಂಬುದು ಅಷ್ಟು ಹೊತ್ತಿಗೆ ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು.

ಆದರೂ ಅದರೊಳಗೆ ತಡಕಾಡಿದೆ. ಸೋಮಯ್ಯ ನೀರು ಕುಡಿದು ಬಂದರು. ಮತ್ತೆ ಕೂತರು. ಹೆಸರು ಹೇಳಿದರು. ಸಂಬಂಧ ಏನೆಂದು ಹಾಕಲಿ ಎಂದು ನಾನು ಕೇಳಿದ್ದೆ. ಅದಕ್ಕವರು ಒಂದು ಮಾತು ಅಂದಿದ್ದರು, ಟೈಪ್ ಮಾಡಬೇಡ ಎಂದೂ ಹೇಳಿದ್ದರು. ಯಾವುದೋ ಪಂಪ್‌ಸೆಟ್ಟಿನ ಗುಡ್ಲಿನ ವಿಷಯ ಇರಬೇಕು ಅಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಕಂಪ್ಯೂಟರಿಗೆ ಕೊಡದೆ ನನ್ನಲ್ಲೇ ಉಳಿದಿದ್ದ ಮಾತು ಅದೊಂದೇ.

“ಸೋದರಮಾವ ಅಂತ ಆಕಪ್ಪ ಅಂದ್ರು. ಆಮ್ಯಾಕೆ, ‘ಗುಡ್ಲು ಆಕ್ಬೇಕಾಗಿದ್ದೋನು ಅವ್ನೇಯ, ನಾನೇ ಕಾಯ್ಲಿಲ್ಲ. ಇದ ಬರ್ಕಬ್ಯಾಡ’ ಅಂದ್ರು.”

ಹೊನ್ನಪ್ಪ ಎಮ್ಮೆಯ ಕಡೆ ತಿರುಗಿದರು. ಅದರ ಮುಂದೆ ಹಾಕಿದ್ದ ಮೇವನ್ನೇ ಮತ್ತೆ ಬಾಚಿ, ಮತ್ತೆ ಅದರ ಮುಂದೆಯೇ ಹಾಕಿದರು. ಮಂಗಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

“ನಾನೇ ಕಾಯ್ಲಿಲ್ಲ ಅಂದ್ರಾ?” ಹೊನ್ನಪ್ಪ ಈ ಕಡೆ ತಿರುಗದೆಯೇ ಕೇಳಿದರು.

“ಊಂ ಕಣಣ್ಣ.”

“ಇನ್ನೊಂದ್ ಸಲ ಏಳು.”

ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಅಕ್ಕನ ಎದುರು ಕೂತರು. ಕಾಯಿ, ವೀಳ್ಯ ತೆಗೆದುಕೊಂಡರು. ಆಮೇಲೆ ಒಂದು ಷರತ್ತು ಹಾಕಿದರು. ಆ ಷರತ್ತು ಅಕ್ಕನಿಗಲ್ಲ, ಭಾವನಿಗಲ್ಲ, ನನಗೆ.

“ಇನ್ ನಿನ್ ಮಿಸಿನ್ ತಾವ್ಕೆ ಓಗ್ಬ್ಯಾಡ ಕಣ್ಲಾ. ಇಲ್ಲೇ ಕುಂತ್ಕೊ. ಐನೂರ್ರಲ್ಲೂ ನನ್ ಎಸ್ರ ಕೈಯಲ್ ಬರಿ. ನಾನ್ ನೋಡ್ತಿರ್ತೀನಿ.”

ಕಾರ್ಡಿನಲ್ಲಿ ದೇವರ ಚಿತ್ರಕ್ಕೂ ಮೊದಲ ಹೆಸರಿಗೂ ನಡುವೆ ಒಂದು ಬೆರಳು ಜಾಗವಿತ್ತು. ಅಲ್ಲಿ ‘ಸೋದರಮಾವ ಹೊನ್ನಪ್ಪ, ಪಾಲಹಳ್ಳಿ’ ಎಂದು ಬರೆಯತೊಡಗಿದೆ. ನನ್ನ ಅಕ್ಷರ ಹೈಸ್ಕೂಲಿನಿಂದಲೂ ಕೋಳಿ ಕೆದಕಿದ ಹಾಗೆ. ನೂರನೇ ಕಾರ್ಡಿಗೆ ಬೆರಳು ಮರಗಟ್ಟಿತು, ಇನ್ನೂರನೆಯದಕ್ಕೆ ಮೊದಲ ಪೆನ್ನು ಖಾಲಿಯಾಯಿತು. ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು ಹಾಕಿದರು, ಕೈ ಒರೆಸಿಕೊಂಡು ಮತ್ತೆ ಕೂತೆ. ಹೊನ್ನಪ್ಪ ನಡುನಡುವೆ ಬಂದು, ಹೊಸದಾಗಿ ಬರೆದ ಒಂದು ಕಾರ್ಡನ್ನು ಎತ್ತಿ, ದೂರ ಹಿಡಿದು ನೋಡಿ, ‘ಹೊ’ ಇನ್ನೂ ದಪ್ಪಗಿರಲಿ ಎನ್ನುತ್ತಿದ್ದರು. ಐನೂರು ಮುಗಿದದ್ದು ಮರುದಿನ ಹತ್ತು ಗಂಟೆಗೆ. ಬಸ್ ಸ್ಟ್ಯಾಂಡಿನವರೆಗೆ ಕಟ್ಟನ್ನು ಅವರೇ ಹೊತ್ತುಕೊಂಡು ಬಂದರು. ನನ್ನ ಬಲಗೈ ಕಂಬಿ ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ.

ಮದುವೆ ಆಯಿತು. ಹೇಮಶ್ರೀಯನ್ನು ಧಾರೆಗೆ ಕರೆತಂದವರು ಹೊನ್ನಪ್ಪನೇ. ಹೆಗಲಿಗೆ ಹೊಸ ಟವಲು ಹಾಕಿಕೊಂಡು, ದಾರಿಯಲ್ಲಿ ನಿಂತವರನ್ನೆಲ್ಲ ಮೊಣಕೈಯಿಂದ ಸರಿಸುತ್ತ ಬಂದರು. ಅದು ಸುಸೂತ್ರವಾಗಿ ನಡೆಯಿತು. ನಡೆಯದೆ ಹೋದದ್ದು ಊಟದ ಮನೆಯಲ್ಲಿ.

ಅರವತ್ತಮೂರು ಹೆಸರುಗಳು ಅಚ್ಚಿನಲ್ಲಿದ್ದವು, ಒಂದೇ ಒಂದು ಪೆನ್ನಿನಲ್ಲಿತ್ತು. ಕಾರ್ಡು ಕೈಗೆ ತಗೊಂಡ ಪ್ರತಿಯೊಬ್ಬರ ಕಣ್ಣೂ ಮೊದಲು ಹೋಗಿ ಬಿದ್ದದ್ದು ಆ ಕೋಳಿ ಕೆದಕಿದ ಸಾಲಿನ ಮೇಲೆ. ಸೋಮಯ್ಯನವರ ದೊಡ್ಡಣ್ಣ ನಂಜಪ್ಪ, ನಾಗಮಂಗಲದಲ್ಲಿ ನೆಲೆಸಿದವರು, ಎಲೆಯ ಮುಂದೆ ಕೂತು ಅನ್ನಕ್ಕೆ ಕೈ ಹಾಕಲಿಲ್ಲ. ಮನೆಯ ಹಿರಿಯ ನಾನು, ನನ್ನ ಹೆಸರನ್ನು ಮಿಷಿನ್ನಿಗೆ ಬಿಟ್ಟಿದ್ದೀರಿ, ಭಾವಮೈದನ ಹೆಸರನ್ನು ಕೈಯಾರೆ ಬರೆಸಿದ್ದೀರಿ, ಮರ್ಯಾದೆ ಅಂದರೆ ಇದೇನಾ ಎಂದು ಕೇಳಿದರು. ಪಾಂಡವಪುರದವರಿಬ್ಬರು ಹೌದು ಹೌದು ಎಂದು ಎಲೆ ಬಿಟ್ಟು ಎದ್ದು ನಿಂತರು. ಸೋಮಯ್ಯ ಬಡಿಸುತ್ತಿದ್ದ ಬಕೆಟ್ ಕೆಳಗಿಟ್ಟು, ಗುಂಪಿನಲ್ಲಿ ನನ್ನನ್ನು ಹುಡುಕಿ, ಕೈ ಹಿಡಿದು ಎಳೆದುಕೊಂಡು ಬಂದು ನಂಜಪ್ಪನವರ ಎದುರು ನಿಲ್ಲಿಸಿದರು.

“ಬರಿ ಮಗ. ದೊಡ್ಡಣ್ಣಂದೂ ಬರಿ. ಅಂಗೇ ಅವ್ರಿಬ್ರುದೂವೆ.”

ಯಾರೋ ಪೆನ್ನು ಕೊಟ್ಟರು. ಪಂಕ್ತಿಯ ಹಿಂದಕ್ಕೆ ಹೋಗಿ ಮಂಡಿಯೂರಿ, ನಂಜಪ್ಪನವರ ಬೆನ್ನಿನ ಮೇಲೆ ಕಾರ್ಡಿಟ್ಟುಕೊಂಡು ಅವರ ಹೆಸರು ಬರೆದೆ. ಅವರು ಅದನ್ನು ಓದಿ, ಜೇಬಿಗೆ ಹಾಕಿಕೊಂಡು, ಸಾರಿನವನನ್ನು ಕರೆದರು. ಆ ಹೊತ್ತಿಗಾಗಲೇ ನನ್ನ ಹಿಂದೆ ಕಾರ್ಡು ಹಿಡಿದವರ ಸಾಲು ಕೈ ತೊಳೆಯುವ ತೊಟ್ಟಿಯವರೆಗೆ ಬೆಳೆದಿತ್ತು.